ನಿಮಗಿದು ಗೊತ್ತೆ? ಊಟ ಬಿಟ್ಟರೆ ಹೃದಯವೂ ಸೊರಗುತ್ತದೆ
ದಪ್ಪಗಾಗುವ ಭಯಕ್ಕೆ ಊಟವನ್ನೇ ದೂರ ಮಾಡುವ ಕಾಯಿಲೆ ಅನೊರೆಕ್ಸಿಯಾ ನರ್ವೋಸಾ. ಹೆಚ್ಚಾಗಿ ಹದಿಹರೆಯದಲ್ಲೇ ಶುರುವಾಗುವ ಇದರಲ್ಲಿ ತೋಳು-ತೊಡೆಗಳಂತೆ ಹೃದಯದ ಸ್ನಾಯುವೂ ಕರಗುತ್ತದೆ. ಶಕ್ತಿ ಉಳಿಸಿಕೊಳ್ಳಲು ಬಡಿತ ನಿಧಾನವಾಗುತ್ತದೆ. ಹಗಲು ಎಚ್ಚರವಿದ್ದಾಗಲೂ ನಿಮಿಷಕ್ಕೆ 50ಕ್ಕಿಂತ ಕೆಳಗಿಳಿದರೆ ಆಸ್ಪತ್ರೆಗೆ ಸೇರಿಸಬೇಕಾಗಬಹುದು. ಮಗಳು ಹಾಸಿಗೆಯಿಂದ ಎದ್ದೊಡನೆ ಕಣ್ಣು ಕತ್ತಲಿಟ್ಟು ಗೋಡೆ ಹಿಡಿದುಕೊಂಡರೆ, ಬೇಸಿಗೆಯಲ್ಲೂ ಬೆರಳು ತಣ್ಣಗಿದ್ದರೆ ‘ಏನೋ ಡಯಟ್’ ಎಂದು ದಯವಿಟ್ಟು ಸುಮ್ಮನಿರಬೇಡಿ. ಗಂಡುಮಕ್ಕಳಿಗೂ ಇದು ಬರುತ್ತದೆ. ಬೇಕೆಂದೇ ವಾಂತಿ ಮಾಡಿಕೊಳ್ಳುವವರಲ್ಲಿ ಪೊಟ್ಯಾಸಿಯಂ ಕುಸಿದು ಬಡಿತ ತಾಳ ತಪ್ಪಬಹುದು. ಅಮೆರಿಕದ ಗಾಯಕಿ ಕರೆನ್ ಕಾರ್ಪೆಂಟರ್ 1983ರಲ್ಲಿ ಇದೇ ಕಾಯಿಲೆಯಿಂದ ಹೃದಯ ಸೋತು ತೀರಿಕೊಂಡಾಗ ವಯಸ್ಸು ಬರೀ 32. ಹಾಗೆಂದು ಸೊರಗಿದವರಿಗೆ ಒಮ್ಮೆಲೇ ಹೊಟ್ಟೆತುಂಬ ಉಣಿಸುವುದೂ ಅಪಾಯ: ರಕ್ತದ ಫಾಸ್ಫೇಟ್ ಇಳಿದು ಹೃದಯ ಕೈಕೊಡಬಹುದು. ವೈದ್ಯರ ನಿಗಾದಲ್ಲಿ ತೂಕ ಮರಳಿದರೆ ಬಹುಪಾಲು ಮಕ್ಕಳ ಹೃದಯ ಚೇತರಿಸಿಕೊಳ್ಳುತ್ತದೆ.