ಮೂರು ಚಕ್ರದ ಗಾಡಿ ಏಕೆ ಮಗುಚುತ್ತದೆ?

ಮುಂಬಯಿಯ ಉಪನಗರಗಳಲ್ಲಿ ವಾಸಿಸುವ ನಮ್ಮ ಹೋಟೆಲ್ ಬಂಧುಗಳಿಗೆ ರಾತ್ರಿಯ ಕೊನೆಯ ಲೋಕಲ್ ತಪ್ಪಿದ ಮೇಲೆ ಉಳಿಯುವ ದಾರಿ ಆಟೋರಿಕ್ಷಾ ಒಂದೇ. ಬಾಂದ್ರಾ, ಸಾಯನ್‌ಗಳಿಂದೀಚೆಗೆ ನಗರದ ದಕ್ಷಿಣ ಭಾಗದೊಳಕ್ಕೆ ಅದಕ್ಕೆ ಪ್ರವೇಶವಿಲ್ಲದಿದ್ದರೂ, ಉತ್ತರದ ಕಡೆಗೆ ಅದೇ ರಾಜ. ಹಿಂದಿನ ಆಸನದಲ್ಲಿ ಮೂವರಿಗೆ ಸ್ಥಳ. ನಾಲ್ಕನೆಯವನು ಬಂದರೆ ಚಾಲಕನು ತುಸು ಸರಿದು ತನ್ನ ಪಕ್ಕದಲ್ಲಿ ಅಂಗೈಯಗಲದ ಜಾಗವನ್ನು ತೋರಿಸುತ್ತಾನೆ. ನಾವೂ ಸಂತೋಷದಿಂದಲೇ ಕೂರುತ್ತೇವೆ, ಬಾಡಿಗೆ ನಾಲ್ಕು ಪಾಲಾಗುತ್ತದಲ್ಲವೇ!

ಕೆಲವು ವರ್ಷಗಳ ಹಿಂದೆ ನಾವು ನಾಲ್ವರು ಹೀಗೆಯೇ ಹೊರಟಿದ್ದೆವು. ಗಲ್ಲೆಯಲ್ಲಿ ಕೂರುವ ಗೆಳೆಯನೊಬ್ಬ ಚಾಲಕನ ಬಲಪಕ್ಕದಲ್ಲಿ ಕುಳಿತಿದ್ದ. ಗಾಡಿ ಎಡಕ್ಕೆ ತಿರುಗುತ್ತಿರುವಾಗ ನಾಯಿಯೊಂದು ಅಡ್ಡ ಬಂದಿತು. ಚಾಲಕನು ತಿರುವಿನ ನಡುವೆಯೇ ಬ್ರೇಕ್ ಒತ್ತಿದ. ಹಿಂದಿನ ಎಡಚಕ್ರ ನೆಲ ಬಿಟ್ಟೆದ್ದುದು ನಮ್ಮ ಸೊಂಟಕ್ಕೆ ತಿಳಿಯಿತು. ಒಂದು ಕ್ಷಣ ತೂಗಿ ಗಾಡಿ ಮತ್ತೆ ನೆಲಕ್ಕಿಳಿಯಿತು, ಆದರೆ ಗೆಳೆಯ ಅಷ್ಟರಲ್ಲಿ ರಸ್ತೆಯಲ್ಲಿದ್ದ. ಬಲಗೈಯ ಮಣಿಕಟ್ಟು ಮುರಿದು ಆರು ವಾರ ಆತ ಎಡಗೈಯಲ್ಲಿ ಚಿಲ್ಲರೆ ಎಣಿಸಿದ. ವೇಗ ಹೆಚ್ಚೇನೂ ಇರಲಿಲ್ಲವೆಂದು ಚಾಲಕನು ಪ್ರಮಾಣ ಮಾಡಿದ. ಅದು ಸುಳ್ಳಲ್ಲವೆಂದೇ ನನ್ನ ನಂಬಿಕೆ. ಹಾಗಾದರೆ ತಪ್ಪು ಎಲ್ಲಿ? ಅಂದಿನಿಂದ ಈ ಯಂತ್ರದ ಮರ್ಮವನ್ನು ತಿಳಿಯುವ ಹಂಬಲ ನನಗೆ ಹತ್ತಿತು.

ಊರಿನಲ್ಲಿ ಮೂರು ಕಲ್ಲಿನ ಒಲೆಯನ್ನು ನೋಡಿದವರಿಗೆ ಇದರ ಅರ್ಧ ಪಾಠ ಆಗಲೇ ತಿಳಿದಿದೆ. ನೆಲ ಎಷ್ಟೇ ಉಬ್ಬುತಗ್ಗಾಗಿರಲಿ, ಮೂರು ಕಲ್ಲಿನ ಮೇಲಿಟ್ಟ ಹಂಡೆ ಕುಲುಕುವುದಿಲ್ಲ. ನಾಲ್ಕು ಕಾಲಿನ ಮೇಜಿಗೆ ಆ ಸ್ಥಿರತೆ ಇಲ್ಲ. ಆದರೆ ಹಂಡೆಯ ಭಾರ ಎರಡು ಕಲ್ಲುಗಳ ನಡುವಣ ಗೆರೆಯನ್ನು ದಾಟಿ ಹೊರಬಿದ್ದರೆ, ತಡೆಯಲು ಅಲ್ಲಿ ಇನ್ನೊಂದು ಕಲ್ಲಿಲ್ಲ. ಆಟೋರಿಕ್ಷಾದ ಮೂರು ಚಕ್ರಗಳು ನೆಲದ ಮೇಲೆ ಇಂತಹುದೇ ಒಂದು ತ್ರಿಕೋನವನ್ನು ಬರೆಯುತ್ತವೆ. ಹಿಂದೆ ಅಗಲ, ಮುಂದೆ ಚೂಪು.

ಲೆಕ್ಕಕ್ಕಾಗಿ ಹಿಂದಿನ ಎರಡು ಚಕ್ರಗಳ ಅಂತರ 115 ಸೆಂಟಿಮೀಟರ್, ಹಿಂದಿನ ಅಚ್ಚಿನಿಂದ ಮುಂದಿನ ಚಕ್ರದವರೆಗೆ 200 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಒಟ್ಟು ಭಾರದ ಕೇಂದ್ರವು ಹಿಂದಿನ ಅಚ್ಚಿನಿಂದ 60 ಸೆಂಟಿಮೀಟರ್ ಮುಂದಿದ್ದರೆ ಅಲ್ಲಿ ತ್ರಿಕೋನದ ಅಗಲ ಸುಮಾರು 80, ಅಂದರೆ ಎಡಕ್ಕೂ ಬಲಕ್ಕೂ ತಲಾ 40 ಸೆಂಟಿಮೀಟರ್ ಆಸರೆ. ಅದೇ ಕೇಂದ್ರ 100 ಸೆಂಟಿಮೀಟರ್ ಮುಂದೆ ಸರಿದರೆ ಆಸರೆ 29 ಸೆಂಟಿಮೀಟರಿಗೂ ಕಡಿಮೆ. ಒಬ್ಬ ಮನುಷ್ಯನು ಮುಂದೆ ಕುಳಿತ ಮಾತ್ರಕ್ಕೆ ಕೇಂದ್ರ ಅಷ್ಟು ದೂರ ಸರಿಯುವುದಿಲ್ಲ, ನಿಜ. ಕೆಲವೇ ಸೆಂಟಿಮೀಟರ್ ಮುಂದೆ, ಕೆಲವೇ ಸೆಂಟಿಮೀಟರ್ ಪಕ್ಕಕ್ಕೆ ಸರಿದೀತು. ಆದರೆ ಬಂಡವಾಳವೇ ಅಂಗೈಯಷ್ಟಿರುವಾಗ ಬೆರಳಗಲದ ನಷ್ಟವೂ ನಷ್ಟವೇ.

ಹಿಂದಿನ ಆಸನದ ಮೂವರು ಮಾತ್ರ ಈ ಗಾಡಿಗೆ ಹೊರೆಯಲ್ಲ, ಉಪಕಾರ. ಅವರು ಕೂರುವುದು ತ್ರಿಕೋನದ ಅಗಲವಾದ ತಳದ ಸಮೀಪ. ಹಿಂದೊಮ್ಮೆ ಮಾರುಕಟ್ಟೆಯಿಂದ ಆಲೂಗಡ್ಡೆಯ ಮೂಟೆಗಳನ್ನು ತರುವಾಗ ವಯಸ್ಸಾದ ಚಾಲಕನೊಬ್ಬ, ಮೂಟೆಯನ್ನು ತನ್ನ ಕಾಲ ಬಳಿ ಇಡಗೊಡದೆ ಹಿಂದಕ್ಕೇ ಹಾಕಿಸಿದ್ದ. ಮೈಗಳ್ಳತನವೆಂದು ನಾನು ಒಳಗೊಳಗೇ ಬೈದುಕೊಂಡಿದ್ದೆ. ಆತನಿಗೆ ತಿಳಿದಿದ್ದ ವಿದ್ಯೆ ನನಗೆ ತಿಳಿದಿರಲಿಲ್ಲ.

ವಾಸ್ತವವಾಗಿ ಈ ಗಾಡಿ ಸ್ಕೂಟರಿನ ಸಂತಾನ. ಇಟಲಿಯ ಪಿಯಾಜಿಯೋ ಕಂಪನಿ 1946ರಲ್ಲಿ ವೆಸ್ಪಾ ಸ್ಕೂಟರನ್ನೂ, 1948ರಲ್ಲಿ ಅದರ ಮುಂಭಾಗವನ್ನೇ ಉಳಿಸಿಕೊಂಡು ಹಿಂದೆ ಎರಡು ಚಕ್ರಗಳನ್ನಿಟ್ಟ ಆಪೆ ಎಂಬ ಸರಕಿನ ಗಾಡಿಯನ್ನೂ ಹೊರತಂದಿತು. ವೆಸ್ಪಾ ಎಂದರೆ ಕಣಜ, ಆಪೆ ಎಂದರೆ ಜೇನ್ನೊಣ. 1959ರಲ್ಲಿ ಸ್ಕೂಟರು ಮತ್ತು ಮೂರು ಚಕ್ರದ ಗಾಡಿಗಳ ತಯಾರಿಕೆಗೆ ಬಜಾಜ್ ಸಂಸ್ಥೆಗೆ ಸರಕಾರದ ಪರವಾನಗಿ ದೊರೆಯಿತು. ಮೊದಮೊದಲ ಆಟೋಗಳಲ್ಲಿ ಎಂಜಿನ್ ಮುಂದೆ ಚಾಲಕನ ಬಳಿ ಇತ್ತು. 1977ರಲ್ಲಿ ಎಂಜಿನ್ ಹಿಂದಿರುವ ಆಟೋ ಬಂದಿತು. ಯಂತ್ರದ ತೂಕ ಹಿಂದಕ್ಕೆ ಹೋದುದು ತ್ರಿಕೋನದ ದೃಷ್ಟಿಯಿಂದ ನೋಡಿದರೆ ಒಳ್ಳೆಯದೇ ಆಯಿತು.

ಇನ್ನು ತಿರುವಿನ ವಿಷಯ. ಗಾಡಿ ಎಡಕ್ಕೆ ತಿರುಗಿದಾಗ ಅದರ ಭಾರ ನೇರವಾಗಿಯೇ ಹೋಗಬಯಸುತ್ತದೆ. ಆದಕಾರಣ ಭಾರವೆಲ್ಲ ಬಲದ ಅಂಚಿಗೆ ಒರಗುತ್ತದೆ. ಈ ಒರಗು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: ಗಂಟೆಗೆ 20 ಕಿಲೋಮೀಟರಿನ ವೇಗ 30ಕ್ಕೆ ಏರಿದರೆ ಒರಗು ಎರಡು ಪಟ್ಟನ್ನೂ ಮೀರುತ್ತದೆ. ಇದರ ಜೊತೆಗೆ ಬ್ರೇಕನ್ನೂ ಒತ್ತಿದರೆ ಭಾರ ಮುಂದಕ್ಕೂ ನುಗ್ಗುತ್ತದೆ. ಪಕ್ಕಕ್ಕೂ ಮುಂದಕ್ಕೂ ಒಟ್ಟಿಗೆ ನುಗ್ಗುವ ಭಾರ ಮುಂದಿನ ಚಕ್ರಕ್ಕೂ ಹಿಂದಿನ ಬಲಚಕ್ರಕ್ಕೂ ನಡುವೆ, ಆಸರೆಯೇ ಇಲ್ಲದ ಕಡೆಗೆ ಬೀಳುತ್ತದೆ. ಆ ರಾತ್ರಿ ನಡೆದುದು ಇಷ್ಟೇ. ನುರಿತ ಚಾಲಕರು ತಿರುವಿಗೆ ಮೊದಲೇ ವೇಗ ತಗ್ಗಿಸಿ, ತಿರುವಿನಲ್ಲಿ ಬ್ರೇಕ್ ಮುಟ್ಟದೆ ಸಾಗುತ್ತಾರೆ. ಚಕ್ರ ಎದ್ದೇಬಿಟ್ಟರೆ ಹ್ಯಾಂಡಲನ್ನು ತುಸು ನೇರ ಮಾಡಿ ಆಕ್ಸಿಲರೇಟರನ್ನು ಸಡಿಲಿಸುತ್ತಾರೆ, ಚಕ್ರ ತಾನಾಗಿ ಇಳಿಯುತ್ತದೆ. ನಾಯಿ ಎದುರು ನಿಂತಾಗ ಇದೆಲ್ಲ ನೆನಪಿಗೆ ಬರುವುದು ಕಷ್ಟವೆಂಬುದನ್ನು ಒಪ್ಪುತ್ತೇನೆ.

ಮೋಟಾರು ಸೈಕಲಿನಲ್ಲಿ ಪಳಗಿದವರಿಗೆ ಈ ಗಾಡಿ ಇನ್ನೊಂದು ಬಗೆಯಲ್ಲಿ ಮೋಸ ಮಾಡುತ್ತದೆ. ಹ್ಯಾಂಡಲ್ ಅದೇ, ಅಭ್ಯಾಸ ಬೇರೆ. ಎರಡು ಚಕ್ರದ ವಾಹನ ವೇಗವಾಗಿ ಓಡುವಾಗ ಎಡಕ್ಕೆ ತಿರುಗಬೇಕಾದರೆ ಸವಾರನು ತಿಳಿದೋ ತಿಳಿಯದೆಯೋ ಎಡಗೈಯ ಹಿಡಿಯನ್ನು ಮುಂದಕ್ಕೆ ತಳ್ಳುತ್ತಾನೆ. ಚಕ್ರ ಒಂದು ಕ್ಷಣ ಬಲಕ್ಕೆ ಹೊರಳುತ್ತದೆ, ವಾಹನ ಎಡಕ್ಕೆ ಬಾಗುತ್ತದೆ, ಬಾಗಿದ ಕಡೆಗೇ ತಿರುಗುತ್ತದೆ. ಮೂರು ಚಕ್ರದ್ದು ಬಾಗಲಾರದು. ಅಲ್ಲಿ ಎಡಹಿಡಿಯನ್ನು ತಳ್ಳಿದರೆ ಗಾಡಿ ಬಲಕ್ಕೇ ಹೋಗುತ್ತದೆ! ಹತ್ತು ವರ್ಷ ಬೈಕ್ ಓಡಿಸಿದವನು ಮೊದಲ ದಿನ ಆಟೋ ಹಿಡಿದು ಎದುರಿನ ಗೋಡೆಗೆ ಹೋದರೆ ನಗಬಾರದು.

ಪಕ್ಕದ ಗಾಡಿ ಕಟ್ಟಿದ ಸ್ಕೂಟರುಗಳ ಕಾಲವನ್ನು ಹಿರಿಯ ಗುಮಾಸ್ತರು ಮರೆತಿರಲಾರರು. ಮುಂದೆ ಮಗ, ಹಿಂದೆ ಹೆಂಡತಿ, ಎಡಬದಿಯ ಸೈಡ್‌ಕಾರಿನಲ್ಲಿ ತಾಯಿ ಮತ್ತು ತರಕಾರಿ ಚೀಲ! ಅದೂ ಮೂರು ಚಕ್ರದ್ದೇ, ಆದರೆ ತ್ರಿಕೋನ ಒಂದು ಕಡೆಗೆ ವಾಲಿದ್ದು. ಆಕ್ಸಿಲರೇಟರ್ ತಿರುವಿದರೆ ಪಕ್ಕದ ಗಾಡಿ ಹಿಂದುಳಿದು ಇಡೀ ವಾಹನ ಎಡಕ್ಕೆ ಎಳೆಯುತ್ತದೆ. ಬ್ರೇಕ್ ಒತ್ತಿದರೆ ಅದು ಮುನ್ನುಗ್ಗಿ ವಾಹನವನ್ನು ಬಲಕ್ಕೆ ತಳ್ಳುತ್ತದೆ. ಎಡತಿರುವಿನಲ್ಲಿ ಸೈಡ್‌ಕಾರಿನ ಚಕ್ರ ಮೇಲೇಳುತ್ತದೆ, ಅದು ಖಾಲಿಯಿದ್ದರಂತೂ ಬೇಗನೆ ಏಳುತ್ತದೆ. ಹೊಸಬರು ಖಾಲಿ ಸೈಡ್‌ಕಾರಿನಲ್ಲಿ ಮರಳಿನ ಚೀಲ ಇಡುವ ರೂಢಿ ಹುಟ್ಟಿದ್ದು ಇದರಿಂದಲೇ. 1949ರಿಂದ ಸೈಡ್‌ಕಾರ್‌ಗಳಿಗೆ ವಿಶ್ವ ಚಾಂಪಿಯನ್‌ಷಿಪ್ ಪಂದ್ಯಗಳೂ ನಡೆಯುತ್ತಿವೆ. ಅಲ್ಲಿ ಪಕ್ಕದಲ್ಲಿರುವವನ ಕೆಲಸ ಕೂರುವುದಲ್ಲ, ತಿರುವಿಗೆ ತಕ್ಕಂತೆ ಹೊರಗೆ ಜೋತುಬಿದ್ದು ತನ್ನ ದೇಹವನ್ನೇ ಮರಳಿನ ಚೀಲವಾಗಿಸುವುದು.

ಮೂರು ಚಕ್ರದ ವಾಹನ ಮಕ್ಕಳ ಕೈಗೆ ಸಿಕ್ಕ ಕಥೆ ಅಮೆರಿಕದಲ್ಲಿ ನಡೆಯಿತು. 1970ರಲ್ಲಿ ಹೋಂಡಾ ಕಂಪನಿ ಅಲ್ಲಿ ದಪ್ಪ ಟೈರಿನ, ಮುಂದೆ ಒಂದೇ ಚಕ್ರದ ಮೋಜಿನ ಗಾಡಿಯನ್ನು ಮಾರಾಟಕ್ಕಿಟ್ಟಿತು. ಇತರ ಕಂಪನಿಗಳೂ ಹಿಂಬಾಲಿಸಿದವು. ನಿಂತಾಗ ಅದು ಮುಕ್ಕಾಲಿಯಂತೆ ಸ್ಥಿರವಾಗಿ ಕಂಡುದರಿಂದ ಹುಡುಗರಿಗೂ ಅಪಾಯವಿಲ್ಲವೆಂದು ತಂದೆತಾಯಿಗಳು ಭಾವಿಸಿದರು. ತಿರುವುಗಳಲ್ಲಿ, ಇಳಿಜಾರುಗಳಲ್ಲಿ ಅವು ಮಗುಚಿ ಸಾವುನೋವುಗಳಾದವು. ಕೊನೆಗೆ 1988ರಲ್ಲಿ ಸರಕಾರದೊಡನೆ ಆದ ಒಪ್ಪಂದದಂತೆ ಆ ಬಗೆಯ ಹೊಸ ಗಾಡಿಗಳ ಮಾರಾಟವೇ ನಿಂತಿತು.

ಹಾಗಾದರೆ ತ್ರಿಕೋನವನ್ನು ತಿರುಗಿಸಿ ಮುಂದೆ ಎರಡು, ಹಿಂದೆ ಒಂದು ಚಕ್ರ ಇಟ್ಟರೆ? ಬ್ರೇಕ್ ಒತ್ತಿದಾಗ ಭಾರ ಅಗಲವಾದ ಕಡೆಗೇ ಹೋಗುವುದರಿಂದ ಅದು ಹೆಚ್ಚು ಕ್ಷೇಮ. ಇಂಗ್ಲೆಂಡಿನ ಮಾರ್ಗನ್ ಕಂಪನಿ ಕಳೆದ ಶತಮಾನದ ಆರಂಭದಲ್ಲಿಯೇ ಅಂತಹ ಗಾಡಿಗಳನ್ನು ಕಟ್ಟಿತು. 2006ರಲ್ಲಿ ಅದೇ ಪಿಯಾಜಿಯೋ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮುಂದಿನ ಎರಡೂ ಚಕ್ರಗಳು ಮೋಟಾರು ಸೈಕಲಿನಂತೆ ತಿರುವಿನ ಕಡೆಗೆ ಬಾಗುವ ಸ್ಕೂಟರನ್ನು ತಂದಿತು. 2018ರಲ್ಲಿ ಯಮಾಹಾದ ನಿಕೆನ್ ಬಂದಿತು. ಆದರೆ ಮೂವರನ್ನು ಹಿಂದೆ ಕೂರಿಸಿಕೊಂಡು, ಓಣಿಯೊಳಗೆ ಒಂದೇ ಏಟಿಗೆ ಹಿಂತಿರುಗಬೇಕಾದ ಬಾಡಿಗೆಯ ಗಾಡಿಗೆ ಮುಂದಿನ ಒಂಟಿ ಚಕ್ರವೇ ಅನುಕೂಲ, ಕಟ್ಟುವುದಕ್ಕೂ ಅಗ್ಗ. ಆದುದರಿಂದ ನಮ್ಮ ಬೀದಿಗಳಲ್ಲಿ ಹಳೆಯ ತ್ರಿಕೋನವೇ ಓಡುತ್ತಿದೆ.

ಗಲ್ಲೆಯ ಗೆಳೆಯನ ಕೈ ಈಗ ನೆಟ್ಟಗಾಗಿದೆ. ನಾಲ್ಕನೆಯವನಾಗಿ ಮುಂದೆ ಕೂರಲು ಯಾರಾದರೂ ಕರೆದರೆ ಆತ, “ನೀವು ಹೊರಡಿ ಮಾರಾಯ್ರೇ, ನಾನು ಮುಂದಿನದರಲ್ಲಿ ಬರುತ್ತೇನೆ” ಎಂದು ಹೇಳಿ ರಸ್ತೆ ಬದಿಯಲ್ಲಿ ನಿಂತುಬಿಡುತ್ತಾನೆ. ಕಳೆದ ವಾರ ಅವನ ಜೊತೆಗೆ ನಾನೂ ನಿಂತಿದ್ದೆ. ಮುಂದಿನ ಗಾಡಿ ಬರಲು ಇಪ್ಪತ್ತು ನಿಮಿಷ ಹಿಡಿಯಿತು.