ಮರೆವಿನ ಹಿರಿಯರಿಗೆ ತುರ್ತು ಚಿಕಿತ್ಸೆ: ದಂಪತಿಗಳು ತಿಳಿದಿರಬೇಕಾದ ಸಂಗತಿಗಳು

ಮನೆಯ ಹಿರಿಯರು ಹೇಳಿದ್ದನ್ನೇ ಮತ್ತೆ ಮತ್ತೆ ಹೇಳತೊಡಗಿದಾಗ, ಉಂಡದ್ದನ್ನು ಮರೆತು ಪುನಃ ಊಟ ಕೇಳಿದಾಗ, ‘ಅರವತ್ತಕ್ಕೆ ಅರಳು ಮರಳು’ ಎಂದು ಸುಮ್ಮನಾಗುವುದು ನಮ್ಮಲ್ಲಿ ವಾಡಿಕೆ. ಆದರೆ ವಯಸ್ಸಾದವರೆಲ್ಲರಿಗೂ ಅರಳು ಮರಳು ಬರುವುದಿಲ್ಲ. ದಿನನಿತ್ಯದ ಬಾಳನ್ನೇ ಕೆಡಿಸುವಷ್ಟು ಮರೆವು ಮಿದುಳಿನ ಕಾಯಿಲೆಯ ಲಕ್ಷಣ. ಇದಕ್ಕೆ ಡಿಮೆನ್ಷಿಯಾ ಎಂದು ಹೆಸರು. ಇದರ ಮುಖ್ಯ ಬಗೆಯನ್ನು ಜರ್ಮನಿಯ ವೈದ್ಯ ಆಲೋಯಿಸ್ ಆಲ್ಝೈಮರ್ 1906ರಲ್ಲಿ ಮೊದಲು ವಿವರಿಸಿದರು. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ 60 ವರ್ಷ ದಾಟಿದವರ ಪೈಕಿ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆಯಿದೆ. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಇದರ ಪ್ರಮಾಣ ಹೆಚ್ಚು.

ಇಂತಹ ತಂದೆ ತಾಯಿಯರನ್ನು ತುರ್ತಾಗಿ ಆಸ್ಪತ್ರೆಗೆ ಒಯ್ಯುವ ಸಂದರ್ಭ ಯಾವ ಮನೆಗಾದರೂ ಬರಬಹುದು. ಆಗ ಮಾಡಬೇಕಾದುದೇನು ಎಂಬುದನ್ನು ಗಂಡ ಹೆಂಡತಿ ಇಬ್ಬರೂ ಮುಂಚಿತವಾಗಿಯೇ ಅರಿತಿರುವುದು ಅಗತ್ಯ.

ಮರೆವು ಬೇರೆ, ಸನ್ನಿ ಬೇರೆ

ಡಿಮೆನ್ಷಿಯಾ ಸಾಮಾನ್ಯವಾಗಿ ತಿಂಗಳು, ವರ್ಷಗಳ ಕಾಲ ಮೆಲ್ಲಗೆ ಬೆಳೆಯುವ ಕಾಯಿಲೆ. ನಿನ್ನೆಯವರೆಗೆ ಮಗನ ಗುರುತು ಹಿಡಿಯುತ್ತಿದ್ದ ತಾಯಿ ಇಂದು ಒಮ್ಮೆಲೇ ಹಿಡಿಯದಿದ್ದರೆ, ರಾತ್ರಿಯಲ್ಲಿ ಇಲ್ಲದ ಜನರನ್ನು ಕಂಡು ಕೂಗಾಡಿದರೆ, ಅದು ಹಳೆಯ ಮರೆವು ಹೆಚ್ಚಾದದ್ದೆಂದು ಭಾವಿಸಬಾರದು. ದೇಹದಲ್ಲಿ ಹೊಸದೊಂದು ಕಾಯಿಲೆ ಹೊಕ್ಕಿದೆ ಎಂದು ತಿಳಿಯಬೇಕು. ನಮ್ಮ ಹಿಂದಿನವರು ಇದನ್ನು ‘ಸನ್ನಿ’ ಎನ್ನುತ್ತಿದ್ದರು. ವೈದ್ಯರು ಡೆಲಿರಿಯಂ ಎನ್ನುತ್ತಾರೆ. ಬೇರು ಸಡಿಲವಾದ ಗಿಡ ಸ್ವಲ್ಪ ಬಿಸಿಲಿಗೇ ಬಾಡುವಂತೆ, ಮೊದಲೇ ದುರ್ಬಲವಾದ ಮಿದುಳು ದೇಹದ ಸಣ್ಣ ತೊಂದರೆಗೂ ಕದಡುತ್ತದೆ.

ಸನ್ನಿಯಲ್ಲಿ ಎಲ್ಲರೂ ಕೂಗಾಡುವುದಿಲ್ಲ. ಕೆಲವರು ಹಗಲೆಲ್ಲ ಮಂಪರಿನಲ್ಲಿ ಮಲಗಿ, ಮಾತು ಊಟ ಎರಡನ್ನೂ ಬಿಡುತ್ತಾರೆ. ‘ಇವತ್ತು ಮಾವನವರು ತಂಟೆಯಿಲ್ಲದೆ ಮಲಗಿದ್ದಾರೆ’ ಎಂದು ಸಮಾಧಾನಪಡುವುದು ಅಪಾಯಕರ. ಈ ಬಗೆಯ ಸನ್ನಿ ಯಾರ ಗಮನಕ್ಕೂ ಬಾರದೆ ಉಲ್ಬಣಿಸುತ್ತದೆ.

ಕಾರಣಗಳೇನು?

ಮೂತ್ರದ ಸೋಂಕು, ನ್ಯುಮೋನಿಯಾ, ಮೂತ್ರ ಕಟ್ಟಿಕೊಳ್ಳುವುದು, ಮಲಬದ್ಧತೆ, ದೇಹದ ನೀರು ಲವಣಗಳ ಏರುಪೇರು, ರಕ್ತದ ಸಕ್ಕರೆ ಇಳಿಯುವುದು, ಬಿದ್ದು ತಲೆಗೆ ಅಥವಾ ಸೊಂಟದ ಮೂಳೆಗೆ ಪೆಟ್ಟಾಗುವುದು, ಹೊಸದಾಗಿ ಕೊಟ್ಟ ನಿದ್ರೆಯ ಅಥವಾ ನೆಗಡಿಯ ಮಾತ್ರೆ—ಇವು ಸಾಮಾನ್ಯ ಕಾರಣಗಳು. ಇವುಗಳಲ್ಲಿ ಬಹುಪಾಲು ಗುಣಪಡಿಸಬಹುದಾದವು. ಆದರೆ ರೋಗಿಗೆ ತನ್ನ ನೋವು ಎಲ್ಲಿದೆಯೆಂದು ಹೇಳಲು ಬರುವುದಿಲ್ಲ. ವೃದ್ಧರಲ್ಲಿ ಸೋಂಕಿದ್ದರೂ ಜ್ವರ ಕಾಣದಿರಬಹುದು. ಬಾಯಾರಿಕೆಯೂ ಅವರಿಗೆ ಕಡಿಮೆ. ಆದುದರಿಂದ ಜಗಳೂರಿನಂತಹ ಬಯಲುಸೀಮೆಯ ಬೇಸಿಗೆಯಲ್ಲಿ ಕೇಳದಿದ್ದರೂ ಆಗಾಗ ನೀರು, ಮಜ್ಜಿಗೆ ಕೊಡಬೇಕು. ಚನ್ನಗಿರಿಯ ಕಡೆ ಅಡಿಕೆ ಸುಗ್ಗಿಯಲ್ಲಿ ಮನೆಮಂದಿಯೆಲ್ಲ ಕೆಲಸದಲ್ಲಿರುವಾಗ ಹಿರಿಯರು ಬಿದ್ದದ್ದು ತಿಳಿಯದೆ ಹೋಗಬಹುದು. ಅವರ ಬಳಿ ಒಬ್ಬರಿರಲಿ.

ತಡಮಾಡಬಾರದ ಚಿಹ್ನೆಗಳು

1. ಒಂದೆರಡು ದಿನಗಳಲ್ಲಿ ಅಥವಾ ಗಂಟೆಗಳಲ್ಲಿ ಬುದ್ಧಿ, ನಡತೆ ಬದಲಾಗುವುದು, ಎಚ್ಚರಿಸಿದರೂ ಏಳದಿರುವುದು.
2. ಮುಖ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು. ಇದು ಲಕ್ವದ ಚಿಹ್ನೆ. ಕೆಲವು ರೋಗಿಗಳಿಗೆ ರಕ್ತದ ಗಡ್ಡೆ ಕರಗಿಸುವ ಮದ್ದನ್ನು ಸುಮಾರು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುವುದರಿಂದ, ಅವರು ಚೆನ್ನಾಗಿದ್ದುದನ್ನು ಕಡೆಯದಾಗಿ ಕಂಡ ಹೊತ್ತನ್ನು ನೆನಪಿಟ್ಟು ಹೇಳಬೇಕು.
3. ಬಿದ್ದ ಮೇಲೆ ಕಾಲೂರಲಾಗದಿರುವುದು. ತಲೆಗೆ ಪೆಟ್ಟಾದ ಕೆಲವು ವಾರಗಳ ತರುವಾಯವೂ ಮಂಪರು ಅಥವಾ ವಾಂತಿ ಕಾಣುವುದು.
4. ಉಸಿರಾಟದ ತೊಂದರೆ, ಎದೆನೋವು, ಫಿಟ್ಸ್, ದಿನವಿಡೀ ಮೂತ್ರವಾಗದಿರುವುದು.

ಇವುಗಳಲ್ಲಿ ಯಾವುದು ಕಂಡರೂ 2008ರಿಂದ ನಮ್ಮ ರಾಜ್ಯದಲ್ಲಿರುವ 108 ಆಂಬುಲೆನ್ಸ್ ಸೇವೆಗೆ ಕೂಡಲೇ ಕರೆ ಮಾಡಬೇಕು. ಮಂಪರಿನಲ್ಲಿರುವವರ ಬಾಯಿಗೆ ನೀರು, ಗಂಜಿ ಹಾಕಕೂಡದು. ಅದು ಶ್ವಾಸಕೋಶಕ್ಕೆ ಇಳಿಯಬಹುದು. ಸಕ್ಕರೆ ಕಾಯಿಲೆಯ ಮದ್ದು ತೆಗೆದುಕೊಳ್ಳುವವರು ಬೆವರಿ ತಡವರಿಸುತ್ತಿದ್ದು, ನುಂಗಬಲ್ಲವರಾಗಿದ್ದರೆ ಮಾತ್ರ ಸಕ್ಕರೆ ನೀರು ಕೊಡಬಹುದು. ನಿದ್ರೆಯ ಮಾತ್ರೆ ಕೊಡುವುದು, ಹಗ್ಗದಿಂದ ಕಟ್ಟುವುದು, ಗಾಳಿ ಸೋಂಕಿದೆಯೆಂದು ಮಂತ್ರ ತಾಯತಗಳಲ್ಲಿ ಹೊತ್ತು ಕಳೆಯುವುದು ಸಲ್ಲದು.

ಮೊದಲೇ ನಿಶ್ಚಯಿಸಿಕೊಳ್ಳಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ದಾವಣಗೆರೆ ಜಿಲ್ಲೆಗೆ ಸೇರಿದ ತಾಲ್ಲೂಕುಗಳು. ತಮ್ಮ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯಿಂದ ಮುಂದಕ್ಕೆ ಕಳುಹಿಸಿದರೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗುವುದೋ, ನ್ಯಾಮತಿಯ ಕಡೆಯವರಿಗೆ ಹತ್ತಿರವಾದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗುವುದೋ, ಜೊತೆಗೆ ಯಾರು ಹೋಗುವುದು, ಮನೆಯಲ್ಲಿ ಮಕ್ಕಳು ದನಕರುಗಳನ್ನು ಯಾರು ನೋಡುವುದು ಎಂಬುದನ್ನು ಇಂದೇ ಮಾತನಾಡಿಕೊಳ್ಳಿ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ನೆರವಿದೆ. ಪಡಿತರ ಚೀಟಿ, ಆಧಾರ್ ಒಂದೆಡೆ ಇರಲಿ.

ಒಂದು ಹಾಳೆಯಲ್ಲಿ ಹಿರಿಯರ ಹೆಸರು, ವಯಸ್ಸು, ಇರುವ ಕಾಯಿಲೆಗಳು, ಒಗ್ಗದ ಮದ್ದು, ಮನೆಯವರ ದೂರವಾಣಿ ಸಂಖ್ಯೆ ಬರೆದಿಡಿ. ಅವರು ಆರೋಗ್ಯವಾಗಿದ್ದಾಗ ನಡೆಯುತ್ತಿದ್ದರೇ, ತಾವೇ ಉಣ್ಣುತ್ತಿದ್ದರೇ, ಯಾರನ್ನು ಗುರುತಿಸುತ್ತಿದ್ದರು ಎಂಬುದನ್ನೂ ಬರೆಯಿರಿ. ಈ ಹಾಳೆ, ಸೇವಿಸುತ್ತಿರುವ ಎಲ್ಲ ಮಾತ್ರೆಗಳು, ಕನ್ನಡಕ, ಹಲ್ಲಿನ ಸೆಟ್ಟು, ಅವರ ಸ್ವಂತದ ಹೊದಿಕೆ ಒಂದೇ ಚೀಲದಲ್ಲಿ ಸಿದ್ಧವಾಗಿರಲಿ.

ಆಸ್ಪತ್ರೆಯಲ್ಲಿ

ವೈದ್ಯರು ಈ ಹಿರಿಯರನ್ನು ಮೊದಲ ಬಾರಿ ನೋಡುತ್ತಿರುತ್ತಾರೆ. ಇವರು ಯಾವಾಗಲೂ ಹೀಗೆಯೇ ಎಂದು ಅವರು ಭಾವಿಸುವ ಸಂಭವವುಂಟು. ಆದ್ದರಿಂದ ‘ಮರೆವು ಹಳೆಯದು, ಆದರೆ ಈ ಸ್ಥಿತಿ ಎರಡು ದಿನದಿಂದ ಬಂದದ್ದು’ ಎಂದು ಮೊದಲಿಗೇ ಸ್ಪಷ್ಟವಾಗಿ ತಿಳಿಸಬೇಕು. ಕಾಯಿಲೆಯ ಮೂಲ ಹುಡುಕಲು ಈ ಒಂದು ಮಾತು ಬಹಳ ನೆರವಾಗುತ್ತದೆ.

ಹೊಸ ಜಾಗ, ಹೊಸ ಮುಖಗಳು ರೋಗಿಯನ್ನು ಹೆದರಿಸುತ್ತವೆ. ಗ್ಲೂಕೋಸ್ ಸೂಜಿಯನ್ನು ಕಿತ್ತುಹಾಕಬಹುದು, ಎದ್ದು ಹೊರಟೂಬಿಡಬಹುದು. ಪರಿಚಿತರೊಬ್ಬರು ಸದಾ ಪಕ್ಕದಲ್ಲಿದ್ದು, ಕೈಹಿಡಿದು, ‘ಅವ್ವಾ, ಇದು ಆಸ್ಪತ್ರೆ, ನಾನಿದ್ದೇನೆ’ ಎಂದು ಮೆಲುದನಿಯಲ್ಲಿ ಹೇಳುತ್ತಿರಬೇಕು. ವಾದಿಸಬಾರದು, ಗದರಬಾರದು. ಹಗಲು ಬೆಳಕಿರಲಿ, ರಾತ್ರಿ ಸದ್ದಿಲ್ಲದಿರಲಿ. ಮೂತ್ರದ ನಳಿಕೆ ಹಾಕಿದ್ದರೆ ಅದು ಇನ್ನೂ ಅಗತ್ಯವೇ ಎಂದು ವೈದ್ಯರನ್ನು ವಿಚಾರಿಸಬಹುದು. ಬಂಧುಗಳು ಗುಂಪುಗೂಡುವುದು ಬೇಡ.

ಈ ಆರೈಕೆಯನ್ನು ಸೊಸೆಯೊಬ್ಬಳ ಪಾಲಿಗೆ ಬಿಡುವುದು ನ್ಯಾಯವಲ್ಲ. ನಿದ್ರೆಗೆಟ್ಟ ಒಬ್ಬರು ಹಲವು ರಾತ್ರಿ ಕಾಯಲಾರರು. ಗಂಡ ಹೆಂಡತಿ, ಅಣ್ಣತಮ್ಮಂದಿರು, ಹೆಣ್ಣುಮಕ್ಕಳು ಸರದಿಯಂತೆ ಇರಬೇಕು.

ಮನೆಗೆ ಬಂದ ಮೇಲೆ

ಕಾಯಿಲೆ ವಾಸಿಯಾದರೂ ಸನ್ನಿ ಇಳಿಯಲು ದಿನಗಳು, ಕೆಲವೊಮ್ಮೆ ವಾರಗಳೇ ಹಿಡಿಯಬಹುದು. ಕೆಲವರು ಮೊದಲಿನಷ್ಟು ಚೇತರಿಸಿಕೊಳ್ಳದಿರಬಹುದು. ಅದು ತಮ್ಮ ಆರೈಕೆಯ ಕೊರತೆಯಲ್ಲ. ಯಾವ ಮಾತ್ರೆ ಮುಂದುವರಿಸಬೇಕು, ಯಾವುದು ನಿಲ್ಲಿಸಬೇಕು ಎಂದು ಬಿಡುಗಡೆಯ ದಿನವೇ ಕೇಳಿ ಬರೆದುಕೊಳ್ಳಿ. ನೋಡಿಕೊಳ್ಳುವವರ ಮನಸ್ಸು ಬಳಲಿದಾಗ ಟೆಲಿ ಮನಸ್ ಸಹಾಯವಾಣಿ 14416ಕ್ಕೂ, ಹಿರಿಯರ ಇತರ ನೆರವಿಗೆ 14567ಕ್ಕೂ ಉಚಿತವಾಗಿ ಕರೆ ಮಾಡಬಹುದು.

ಹಿರಿಯರು ನಮ್ಮ ಹೆಸರನ್ನು ಮರೆತಿರಬಹುದು. ಆದರೆ ಅವರ ನಿನ್ನೆಯ ಸ್ಥಿತಿಯನ್ನು ಬಲ್ಲವರು ನಾವೇ. ಇಂದಿನ ವ್ಯತ್ಯಾಸವನ್ನು ಗುರುತಿಸಿ, ವೈದ್ಯರಿಗೆ ಹೊತ್ತು ಮೀರದಂತೆ ತಿಳಿಸುವ ಹೊಣೆಯೂ ನಮ್ಮದೇ.