ಒಪ್ಪಂದ ಯಾರ ಜೊತೆ?

ಸೈನಿಕ ಆಡಳಿತದಿಂದ ಹೊರಬರುವ ನಾಡಿನೊಡನೆ ಮಾತುಕತೆ ನಡೆಸೋದು ಹೇಗೆ ಎಂಬ ಪ್ರಶ್ನೆ ಬಂದಾಗಲೆಲ್ಲ ನಾವು ಬರ್ಮಾ, ಪಾಕಿಸ್ತಾನಗಳ ಕಡೆ ನೋಡುತ್ತೇವೆ. ಅಬಿಡ್ಸ್‌ನಲ್ಲಿ ಓಡಾಡುವ ನಾವು ಅಷ್ಟು ದೂರ ಹೋಗಬೇಕಿಲ್ಲ. ಇಲ್ಲಿನ ದೊಡ್ಡ ಅಂಚೆ ಕಚೇರಿಯಿಂದ ಒಂದು ದಿಕ್ಕಿಗೆ ನಡೆದರೆ ನಿಜಾಮರಿದ್ದ ಕಿಂಗ್ ಕೋಠಿ. ಇನ್ನೊಂದು ದಿಕ್ಕಿಗೆ ನಡೆದರೆ ಬ್ರಿಟಿಷ್ ರೆಸಿಡೆಂಟರಿದ್ದ ಬಂಗಲೆ, ಆಮೇಲೆ ಮಹಿಳಾ ಕಾಲೇಜಾದದ್ದು. ಈ ಎರಡು ಮನೆಗಳ ಕಥೆಯೇ ಸಾಕಷ್ಟು ಪಾಠ ಹೇಳುತ್ತೆ.

1947ರ ನವೆಂಬರ್ 29ರಂದು ದೆಹಲಿಗೂ ಹೈದರಾಬಾದಿಗೂ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಅದರಂತೆ 1948ರ ಜನವರಿಯಲ್ಲಿ ಕೆ. ಎಂ. ಮುನ್ಷಿ ಇಲ್ಲಿಗೆ ಬಂದರು. ಅವರ ಪದವಿ ಏಜೆಂಟ್ ಜನರಲ್. ರಾಯಭಾರಿ ಅಂದರೆ ಹೈದರಾಬಾದು ಬೇರೆ ದೇಶ ಎಂದು ಒಪ್ಪಿದಂತೆ. ರೆಸಿಡೆಂಟ್ ಅಂದರೆ ಬ್ರಿಟಿಷರ ದರ್ಪ ಮತ್ತೆ ಬಂದಂತೆ. ಹಾಗಾಗಿ ನಡುವಿನದೊಂದು ಹೆಸರು. ರೆಸಿಡೆನ್ಸಿಯಲ್ಲಿ ಅವರಿಗೆ ಜಾಗ ಸಿಗಲಿಲ್ಲ. ದೂರದ ಬೊಲಾರಮ್ಮಿನಲ್ಲಿ ಬಿಡಾರ ಮಾಡಬೇಕಾಯಿತು. ಮನೆ ಕೊಡುವುದೂ ಕೊಡದಿರುವುದೂ ರಾಜತಂತ್ರವೇ ನೋಡಿ.

ಮಾತು ಮುರಿದು, ಸೆಪ್ಟೆಂಬರ್ 13ರಂದು ಸೈನ್ಯ ಬಂತು. 16ರಂದು ಹೈದರಾಬಾದಿನ ದೂರು ಪ್ಯಾರಿಸ್ಸಿನಲ್ಲಿ ಭದ್ರತಾ ಮಂಡಲಿಯ ಮುಂದೆ ಬಂತು. ಮರುದಿನವೇ ನಿಜಾಮರು ಸೋಲೊಪ್ಪಿದರು. ಆಮೇಲೆ ದೂರನ್ನು ಹಿಂದೆಗೆದುಕೊಳ್ಳುವುದಾಗಿ ತಿಳಿಸಿದವರೂ ಅವರೇ.

ನನಗೆ ಕುತೂಹಲ ಹುಟ್ಟಿಸೋದು ಇದರ ಮುಂದಿನ ಭಾಗ. ಮೇಜರ್ ಜನರಲ್ ಜೆ. ಎನ್. ಚೌಧುರಿ ಸೈನಿಕ ಗವರ್ನರ್ ಆದರು. ಊರು ಸೈನ್ಯದ ಕೈಯಲ್ಲಿತ್ತು. ಆದರೂ ಚೌಧುರಿಯವರಿಗೆ ಆಡಳಿತದ ಅಧಿಕಾರ ಬಂದದ್ದು ನಿಜಾಮರ ಫರ್ಮಾನಿನಿಂದ! ಸೋತವರ ರುಜು ಗೆದ್ದವರಿಗೆ ಯಾಕೆ ಬೇಕಾಯಿತು? ದೆಹಲಿ ಇದನ್ನು ಯುದ್ಧವೆನ್ನದೆ 'ಪೊಲೀಸ್ ಕಾರ್ಯಾಚರಣೆ' ಎಂದು ಕರೆದಿತ್ತು. ಗೆದ್ದು ವಶಪಡಿಸಿಕೊಂಡೆವು ಅಂದರೆ ಹೊರಗಿನವರ ಪ್ರಶ್ನೆಗಳಿಗೆ ದಾರಿಯಾಗುತ್ತಿತ್ತು. ಅರಸರೇ ಅಧಿಕಾರ ಕೊಟ್ಟರು ಅಂದರೆ ಕಾನೂನಿನ ಎಳೆ ಕಡಿಯುವುದಿಲ್ಲ. ಜಾಗೀರುಗಳನ್ನು ರದ್ದುಮಾಡಿದ 1949ರ ಕಾನೂನಿಗೂ ಬೆನ್ನೆಲುಬು ಅದೇ ಫರ್ಮಾನು.

ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಸೈನ್ಯ ಹಿಂದೆ ಸರಿಯಿತು. 1949ರ ಕೊನೆಗೆ ಚೌಧುರಿ ಹೊರಟರು. 1950ರಲ್ಲಿ ಐ.ಸಿ.ಎಸ್. ಅಧಿಕಾರಿ ಎಂ. ಕೆ. ವೆಲ್ಲೋಡಿ ಮುಖ್ಯಮಂತ್ರಿ, ನಿಜಾಮರು ರಾಜಪ್ರಮುಖ, ಅವರಿಗೆ ವರ್ಷಕ್ಕೆ 50 ಲಕ್ಷ ರೂಪಾಯಿ ರಾಜಧನ. 1952ರ ಚುನಾವಣೆಯ ನಂತರ ಬೂರ್ಗುಲ ರಾಮಕೃಷ್ಣ ರಾವ್ ಮುಖ್ಯಮಂತ್ರಿಯಾದರು. ಮೂರೂವರೆ ವರ್ಷದಲ್ಲಿ ಬಂದೂಕಿನಿಂದ ಮತಪೆಟ್ಟಿಗೆಗೆ. ಇದು ಸಣ್ಣ ಸಾಧನೆ ಅಂತ ನಾನು ಹೇಳೋದಿಲ್ಲ.

ಆದರೆ ಲೆಕ್ಕದ ಇನ್ನೊಂದು ಪುಟವೂ ಇದೆ. ಅದು ನಮ್ಮ ಕನ್ನಡ ಜಿಲ್ಲೆಗಳದ್ದು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ರಜಾಕಾರರು ಜನರನ್ನು ಕೊಂದರು. ಸೈನ್ಯ ಬಂದ ಮೇಲೆ ಸೇಡಿನ ಬೆಂಕಿಗೆ ಮುಸಲ್ಮಾನರು ಬಲಿಯಾದರು. ಪಂಡಿತ ಸುಂದರಲಾಲರ ಸಮಿತಿ ಅದೇ ವರ್ಷದ ಕೊನೆಗೆ ಇಲ್ಲೆಲ್ಲ ತಿರುಗಿ, ಸತ್ತವರು 27 ಸಾವಿರದಿಂದ 40 ಸಾವಿರ ಇರಬಹುದೆಂದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರ, ಗುಲ್ಬರ್ಗಗಳೂ ಇದ್ದವು. ಆ ವರದಿಯನ್ನು ಸರಕಾರ ಆಗ ಪ್ರಕಟಿಸಲಿಲ್ಲ. ದಶಕಗಳ ಕಾಲ ಅದು ಕಪಾಟಿನಲ್ಲೇ ಉಳಿಯಿತು.

ಕಿಂಗ್ ಕೋಠಿಯೊಡನೆ ಒಪ್ಪಂದಕ್ಕೆ ಆತುರವಿತ್ತು, ಮರ್ಯಾದೆಯಿತ್ತು, ರಾಜಧನವೂ ಇತ್ತು. ಗೋರ್ಟಾದ ವಿಧವೆಯೊಡನೆಯಾಗಲಿ, ಮನೆಯವರನ್ನು ಕಳಕೊಂಡ ಬೀದರದ ಮುಸಲ್ಮಾನ ಹೆಂಗಸಿನೊಡನೆಯಾಗಲಿ ಅಂಥ ಮಾತುಕತೆ ನಡೆಯಲಿಲ್ಲ. ರುಜು ಹಾಕುವ ಕೈಯೊಡನೆ ಮಾತಾಡದೆ ಸೈನಿಕ ಆಡಳಿತ ಮುಗಿಯೋದಿಲ್ಲ, ಸರಿ. ಆ ಕೈಯೊಡನೆ ಮಾತ್ರ ಮಾತಾಡಿದರೆ ಆಡಳಿತ ಮುಗಿಯುತ್ತೆ, ಭಯ ಮುಗಿಯೋದಿಲ್ಲ. ನಾಳೆ ಯಾವುದೋ ದೇಶದ ಸೇನಾಪತಿ ಯಾರದೋ ಕೈಕುಲುಕುವ ಚಿತ್ರ ಪತ್ರಿಕೆಯಲ್ಲಿ ಬಂದಾಗ, ಗೆಳೆಯರೆ, ಆ ದೇಶದ ಹಳ್ಳಿಗಳಿಗೆ ಹೋಗಿ ಲೆಕ್ಕ ಬರೆದು ತಂದವರು ಯಾರು, ಅವರ ವರದಿ ಎಲ್ಲಿದೆ ಎಂದೂ ಹುಡುಕಿ ನೋಡಿ.